ಹಲ್ಲಿಗೆ ವಿಮೆಯೋ, ಕ್ಲಿನಿಕ್ಕಿನ ಕಾರ್ಡೋ? ಎರಡನ್ನೂ ಒಂದು ವರ್ಷ ಇಟ್ಟುಕೊಂಡು ನೋಡಿದ ಮೇಲೆ

2024ರ ಚೌತಿಗೆ ಇನ್ನು ಎರಡು ದಿನ ಇತ್ತು. ನಮ್ಮ ಕೇರಿಯಲ್ಲಿ ಚಕ್ಲಿ ಕಂಬಳ, ಅಂದರೆ ಎಲ್ಲರೂ ಸೇರಿ ಚಕ್ಲಿ ಮಾಡುವುದು. ಹಿಟ್ಟು ನಾದುವವರು, ಕೈಯಲ್ಲಿ ಚಕ್ಲಿ ಸುತ್ತುವವರು, ಬಾಣಲೆ ಎದುರು ಕೂತು ಕರಿಯುವವರು, ಹೀಗೆ ಜಗಲಿ ತುಂಬ ಜನ. ಮೊದಲ ಒಬ್ಬೆ ಇಳಿದ ಕೂಡಲೇ ಒಂದು ಚಕ್ಲಿ ತೆಗೆದು ಬಾಯಿಗೆ ಹಾಕಿದೆ. ಬಲಗಡೆ ದವಡೆಯಲ್ಲಿ ಕಟಕ್ ಎಂದಿತು. ಚಕ್ಲಿ ಅಲ್ಲ, ಹಲ್ಲು. ಹದಿನೈದು ವರ್ಷದ ಹಿಂದೆ ಸಿಮೆಂಟ್ ತುಂಬಿಸಿದ್ದ ಹಲ್ಲಿನ ಒಂದು ಗೋಡೆಯೇ ಕಿತ್ತು ಬಂದಿತ್ತು. ಅತ್ತೆ ನನ್ನ ಮುಖ ನೋಡಿ "ಎಂತ ಆತೇ?" ಎಂದರು. ನಾನು ಅಂಗೈ ಬಿಚ್ಚಿ ತೋರಿಸಿದೆ.

ಅವತ್ತು ರಾತ್ರಿ ನೋವಿನಲ್ಲಿ ನಿದ್ದೆ ಬಾರದೆ ಕಪಾಟಿನಲ್ಲಿದ್ದ ಆರೋಗ್ಯ ವಿಮೆಯ ಕಾಗದ ತೆಗೆದು ಕೂತೆ. ನನ್ನ, ನಮ್ಮನೆಯವರ ಹೆಸರಲ್ಲಿ ಐದು ಲಕ್ಷದ ಫ್ಲೋಟರ್ ಪಾಲಿಸಿ, ಅಂದರೆ ಇಬ್ಬರಿಗೂ ಸೇರಿ ಒಂದೇ ಮೊತ್ತ. ಮಾಡಿಸುವಾಗ ಏಜೆಂಟರು "ಹಲ್ಲು, ಕಣ್ಣು ಎಲ್ಲಾ ಬರ್ತದೆ ಅಕ್ಕ" ಎಂದಿದ್ದರು. ಕಾಗದದಲ್ಲಿ ಹಾಗಿರಲಿಲ್ಲ. ಅಪಘಾತವಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹಲ್ಲಿನ ಚಿಕಿತ್ಸೆಗೆ ದುಡ್ಡು, ಉಳಿದಂತೆ ಇಲ್ಲ ಎಂದು ಬರೆದಿತ್ತು. ಚಕ್ಲಿ ತಿಂದು ಮುರಿದ ಹಲ್ಲಿಗೆ ಒಂದು ಪೈಸೆಯೂ ಬರುವುದಿಲ್ಲ. ಇದು ನಮ್ಮ ಕಂಪನಿಯೊಂದರ ಕತೆ ಅಲ್ಲ. ನಮ್ಮ ದೇಶದ ಮಾಮೂಲಿ ಆರೋಗ್ಯ ಪಾಲಿಸಿಗಳು ಹೆಚ್ಚುಕಡಿಮೆ ಎಲ್ಲವೂ ಹೀಗೇ. ನಿಮ್ಮ ಮನೆಯ ಪಾಲಿಸಿಯನ್ನೂ ಒಮ್ಮೆ ತೆಗೆದು ನೋಡಿ. ಏನು ಕೊಡುತ್ತೇವೆ ಎಂಬ ಪುಟಕ್ಕಿಂತ ಏನು ಕೊಡುವುದಿಲ್ಲ ಎಂಬ ಪುಟ ಮೊದಲು ಓದಿ.

ಚೌತಿ ಮುಗಿದ ಮರುದಿನ ಶಿರಸಿಗೆ ಹೋದೆವು. ಪರಿಚಯದವರು ಹೇಳಿದ ಕ್ಲಿನಿಕ್. ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಮಾತು ಮೆತ್ತಗೆ. ಎಕ್ಸ್‌ರೇ ತೆಗೆದು ಪರದೆಯ ಮೇಲೆ ತೋರಿಸಿದರು. ಹುಳುಕು ಬೇರಿನವರೆಗೆ ಇಳಿದಿತ್ತು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು ಎಂದರು. ಚೀಟಿಯಲ್ಲಿ ದೊಡ್ಡದಾಗಿ 46 ಎಂದು ಬರೆದರು. ಏನದು ಎಂದು ಕೇಳಿದೆ. ಬಾಯಿಯನ್ನು ನಾಲ್ಕು ಭಾಗ ಮಾಡುತ್ತಾರಂತೆ. ಬಲಗಡೆ ಮೇಲಿನದು 1, ಎಡಗಡೆ ಮೇಲಿನದು 2, ಎಡಗಡೆ ಕೆಳಗಿನದು 3, ಬಲಗಡೆ ಕೆಳಗಿನದು 4. ಮುಂದಿನ ನಡುವಿನಿಂದ ಹಿಂದಕ್ಕೆ ಎಣಿಸಿದರೆ ನನ್ನದು ಆರನೇ ಹಲ್ಲು. ಅದಕ್ಕೇ 46. ಈ ನಂಬರು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ದರ ಕೇಳಿದೆ. ಗೋಡೆ ಮೇಲೆ ಪಟ್ಟಿಯೇ ಇತ್ತು. ರೂಟ್ ಕೆನಾಲ್ 4,000. ಜಿರ್ಕೋನಿಯಾ ಕ್ಯಾಪ್ 6,000. ಒಳಗೆ ಲೋಹ, ಮೇಲೆ ಸೆರಾಮಿಕ್ ಇರುವ ಕ್ಯಾಪ್ ಅದರ ಅರ್ಧ. ಹಲ್ಲು ಕ್ಲೀನಿಂಗ್ 800. ನೋಡುವ ಫೀ 200. ಪಟ್ಟಿಯ ಕೆಳಗೆ ಫ್ಯಾಮಿಲಿ ಕಾರ್ಡ್ ವಿಷಯ ಬರೆದಿದ್ದರು. ವರ್ಷಕ್ಕೆ 1,000 ರೂಪಾಯಿ, ಮನೆಯ ನಾಲ್ಕು ಜನಕ್ಕೆ. ನೋಡುವ ಫೀ ಇಲ್ಲ. ಪ್ರತಿಯೊಬ್ಬರಿಗೂ ವರ್ಷಕ್ಕೊಂದು ಕ್ಲೀನಿಂಗ್ ಉಚಿತ. ಉಳಿದ ಕೆಲಸಕ್ಕೆ ನೂರಕ್ಕೆ 20 ಕಡಿಮೆ. ಕ್ಯಾಪ್, ಕಟ್ಟಿಸುವ ಹಲ್ಲು ಮುಂತಾದ್ದು ಹೊರಗಿನ ಲ್ಯಾಬಿನಲ್ಲಿ ಆಗುವುದರಿಂದ ಅದಕ್ಕೆ ನೂರಕ್ಕೆ 10 ಮಾತ್ರ.

ಆ ಹೊತ್ತಿಗೆ ನಾನು ಕಾರ್ಡು ಎಂದರೆ ಹೆದರುತ್ತಿದ್ದೆ. ಅದಕ್ಕೆ ಕಾರಣ ಹುಬ್ಬಳ್ಳಿಯಲ್ಲಿರುವ ಮೈದುನ. ಅವನು ಫೋನಿನಲ್ಲಿ ಬಂದ ಜಾಹೀರಾತು ನೋಡಿ 1,499 ಕೊಟ್ಟು ಒಂದು ಕಾರ್ಡ್ ತೆಗೆದುಕೊಂಡಿದ್ದ. ದೇಶದ ತುಂಬ ಕ್ಲಿನಿಕ್‌ಗಳು, ಎಲ್ಲಾ ಕಡೆ ಭಾರೀ ರಿಯಾಯಿತಿ ಎಂದು ಅದರಲ್ಲಿತ್ತು. ರೂಟ್ ಕೆನಾಲ್ ಮಾಡಿಸಲು ಹೋದ. ಅಲ್ಲಿ ದರ 8,000, ಕಾರ್ಡಿಗೆ ನೂರಕ್ಕೆ 40 ಬಿಟ್ಟರು. ಕೊಟ್ಟದ್ದು 4,800. ಅವನಿಗೆ 3,200 ಉಳಿಯಿತು ಎಂದು ಖುಷಿ. ನಮ್ಮ ಶಿರಸಿಯ ಪಟ್ಟಿಯಲ್ಲಿ ಕಾರ್ಡೇ ಇಲ್ಲದೆ 4,000 ಇತ್ತು! ಅವನು ಕಾರ್ಡಿಗೆ ಕೊಟ್ಟ 1,499 ಬೇರೆ. ಈ ಲೆಕ್ಕ ನನಗೆ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ನೂರಕ್ಕೆ ಎಷ್ಟು ಬಿಡುತ್ತಾರೆ ಅನ್ನುವುದು ಮುಖ್ಯ ಅಲ್ಲ. ಎಷ್ಟರಿಂದ ಬಿಡುತ್ತಾರೆ, ಕೊನೆಗೆ ಕೈಯಿಂದ ಎಷ್ಟು ಹೋಗುತ್ತದೆ ಅನ್ನುವುದು ಮುಖ್ಯ. ಆ ಕಂಪನಿಯವರ ಪಟ್ಟಿಯಲ್ಲಿ ಶಿರಸಿಯ ಒಂದು ಕ್ಲಿನಿಕ್ಕೂ ಇರಲಿಲ್ಲ. ಹಲ್ಲು ನೋವಿಗೆ ನೂರು ಕಿಲೋಮೀಟರ್ ಬಸ್ಸಿನಲ್ಲಿ ಕೂತು ಹೋಗಲಿಕ್ಕಾಗುತ್ತದಾ?

ಆದರೆ ಇಲ್ಲಿ ದರ ಗೋಡೆ ಮೇಲೇ ಇತ್ತಲ್ಲ. ಕಾರ್ಡು ಇದ್ದವರಿಗೂ ಇಲ್ಲದವರಿಗೂ ಒಂದೇ ಪಟ್ಟಿ. ಅಲ್ಲೇ ಕೂತು ಲೆಕ್ಕ ಹಾಕಿದೆ. ರೂಟ್ ಕೆನಾಲಿನಲ್ಲಿ 800, ಕ್ಯಾಪಿನಲ್ಲಿ 600 ಉಳಿಯುತ್ತದೆ. ಅಷ್ಟರಲ್ಲೇ ಕಾರ್ಡಿನ ದುಡ್ಡು ಬಂತು. ತೆಗೆದುಕೊಂಡೆ. ನನ್ನ, ನಮ್ಮನೆಯವರ, ಅತ್ತೆಯ ಹೆಸರು ಬರೆಸಿದೆ. ನಾಲ್ಕನೇ ಜಾಗ ಖಾಲಿ. ಮಗಳು ಅಮೆರಿಕದಲ್ಲಿದ್ದಾಳೆ. ಊರಿಗೆ ಬಂದಾಗ ಬೇಕಾದರೆ ಸೇರಿಸಿ ಎಂದರು.

ಮೂರು ಸಲ ಹೋಗಿ ರೂಟ್ ಕೆನಾಲ್ ಮುಗಿಸಿದೆ. ದಸರೆಗೆ ಮೊದಲು ಕ್ಯಾಪ್ ಕೂತಿತು. ಇವತ್ತಿನವರೆಗೆ ಏನೂ ತೊಂದರೆ ಇಲ್ಲ.

ಇನ್ನು ವಿಮೆಯ ವಿಷಯ. ನವೆಂಬರಿನಲ್ಲಿ ಪಾಲಿಸಿ ರಿನ್ಯೂ ಮಾಡುವಾಗ ಏಜೆಂಟರ ಹತ್ತಿರ ಕೇಳಿದೆ. ಹಲ್ಲು ಬರ್ತದೆ ಎಂದಿದ್ದಿರಲ್ಲ? ಅವರು ಓಪಿಡಿ ರೈಡರ್ ಸೇರಿಸಿದರೆ ಬರ್ತದೆ ಎಂದರು. ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ಚಿಕಿತ್ಸೆಗೆಂದು ಬೇರೆ ದುಡ್ಡು ಕೊಟ್ಟು ಪಾಲಿಸಿಗೆ ಸೇರಿಸಿಕೊಳ್ಳುವುದು ಇದು. ರೈಡರಿಗೆ 3,500, ಆಗ ಇದ್ದ ನೂರಕ್ಕೆ 18 ಜಿಎಸ್‌ಟಿ ಸೇರಿ 4,130 ರೂಪಾಯಿ. ಈ ಸಲ ಮೊದಲೇ ಕಾಗದ ಕೇಳಿ ಓದಿದೆ. ವರ್ಷಕ್ಕೆ ಒಟ್ಟು ಮಿತಿ 5,000. ಅದರಲ್ಲಿ ಹಲ್ಲಿಗೆ 2,500 ಮಾತ್ರ, ಅದೂ ಬಿಲ್ಲಿನ ಅರ್ಧ. ಮೊದಲ 90 ದಿನ ಏನೂ ಇಲ್ಲ. ಕ್ಲೀನಿಂಗ್ ಇಲ್ಲ. ಅಂದಕ್ಕೆ ಮಾಡಿಸುವ ಕೆಲಸ ಇಲ್ಲ. ಆದರೂ ತೆಗೆದುಕೊಂಡೆ. ನಮ್ಮನೆಯವರ ಬುದ್ಧಿಹಲ್ಲು ಆಗಾಗ ಬಾತುಕೊಳ್ಳುತ್ತಿತ್ತು, ಹೇಗೂ ತೆಗೆಸುವುದಿದೆ, ಅಲ್ಲದೆ ಬಿಪಿ, ಶುಗರ್ ಪರೀಕ್ಷೆಗೂ ಆಗುತ್ತದಲ್ಲ ಅಂತ.

ಆ ಬುದ್ಧಿಹಲ್ಲು 2025ರ ಮೇ ತಿಂಗಳಲ್ಲಿ ಹಟ ಹಿಡಿಯಿತು. ಚಾಲಿ, ಅಂದರೆ ಒಣಗಿದ ಅಡಿಕೆ, ಸುಲಿಯುವ ಕೆಲಸ ಜೋರಾಗಿದ್ದ ಹೊತ್ತು. ಎಡಗಡೆ ಗಲ್ಲ ನಿಂಬೆಹಣ್ಣಿನಷ್ಟು ಬಾತಿತ್ತು. ಹಲ್ಲು ಅಡ್ಡ ಮಲಗಿತ್ತು, ವಸಡು ಕೊಯ್ದು ತೆಗೆಯಬೇಕಾಯಿತು. ಪಟ್ಟಿಯ ದರ 4,500. ಕಾರ್ಡಿನಲ್ಲಿ 3,600 ಕೊಟ್ಟೆವು. ಆಮೇಲೆ ಆ 3,600ರ ಬಿಲ್ಲನ್ನು ವಿಮೆಗೆ ಹಾಕಿದೆ. ಕಾರ್ಡು, ವಿಮೆ ಎರಡನ್ನೂ ಒಟ್ಟಿಗೆ ಬಳಸಲು ಯಾರೂ ಬೇಡ ಅನ್ನಲಿಲ್ಲ. ರಿಯಾಯಿತಿ ಕಳೆದು ನಾವು ನಿಜವಾಗಿ ಕೊಟ್ಟ ದುಡ್ಡಿಗೆ ಮಾತ್ರ ಕ್ಲೇಮ್ ಮಾಡಬೇಕು, ಅಷ್ಟೇ.

ಕ್ಲೇಮಿನ ಕತೆ ಸ್ವಲ್ಪ ಉದ್ದ. ಡಾಕ್ಟರ ಚೀಟಿ, ಬಿಲ್, ದುಡ್ಡು ಕೊಟ್ಟ ರಸೀದಿ, ಎಕ್ಸ್‌ರೇ, ಬ್ಯಾಂಕಿನ ಕ್ಯಾನ್ಸಲ್ ಚೆಕ್, ಎಲ್ಲಾ ಆ್ಯಪಿಗೆ ಹಾಕಬೇಕು. ನಮ್ಮ ಊರಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದರೆಯ ಮೇಲೆ. ಅಲ್ಲಿ ನಿಂತು ಒಂದೊಂದೇ ಫೋಟೋ ಕಳಿಸಿದೆ. ಹದಿನೆಂಟು ದಿನದ ಮೇಲೆ ವಾಪಸ್ ಬಂತು. ಬಿಲ್ಲಿನ ಮೇಲೆ ಡಾಕ್ಟರ ರಿಜಿಸ್ಟ್ರೇಷನ್ ನಂಬರ್ ಇಲ್ಲ, ಯಾವ ಹಲ್ಲು ಎಂದೂ ಇಲ್ಲ. ಚೀಟಿಯಲ್ಲಿ 38 ಎಂದು ಇತ್ತು, ಬಿಲ್ಲಿನಲ್ಲಿ ಇರಲಿಲ್ಲ. ಮತ್ತೆ ಶಿರಸಿಗೆ ಹೋಗಿ ಹೊಸ ಬಿಲ್ ಬರೆಸಿಕೊಂಡು ಬಂದೆ. ಕೊನೆಗೆ ಜೂನ್ ಕೊನೆಯಲ್ಲಿ 1,800 ರೂಪಾಯಿ ಖಾತೆಗೆ ಬಂತು. ನೀವು ಕ್ಲೇಮ್ ಮಾಡುವವರಾದರೆ ಬಿಲ್ ಬರೆಸುವಾಗಲೇ ಹಲ್ಲಿನ ನಂಬರು, ಡಾಕ್ಟರ ರಿಜಿಸ್ಟ್ರೇಷನ್ ನಂಬರು, ಸೀಲು, ಸಹಿ ನೋಡಿಕೊಳ್ಳಿ.

ರೈಡರಿನ ಉಳಿದ 2,500 ಬಿಪಿ, ಶುಗರಿಗೆ ಬರುತ್ತದೆ ಎಂದುಕೊಂಡಿದ್ದೆನಲ್ಲ, ಅದೂ ಆಗಲಿಲ್ಲ. ನಮ್ಮ ಹತ್ತಿರದ ಡಾಕ್ಟರು ಕೈನೋಡಿ, ಮಾತ್ರೆ ಕೊಟ್ಟು 150 ತೆಗೆದುಕೊಳ್ಳುತ್ತಾರೆ. ರಸೀದಿ ಕೊಡುವ ಪದ್ಧತಿಯೇ ಇಲ್ಲ. ಮೂವತ್ತು ವರ್ಷದಿಂದ ನಮ್ಮನೆ ನೋಡಿಕೊಂಡು ಬಂದವರ ಹತ್ತಿರ ರಸೀದಿ ಕೊಡಿ ಎಂದು ಹಟ ಮಾಡಲು ನನಗೆ ಮನಸ್ಸು ಬರಲಿಲ್ಲ.

ಅಲ್ಲಿಗೆ ಒಂದು ವರ್ಷದ ಲೆಕ್ಕ: ರೈಡರಿಗೆ ಕೊಟ್ಟದ್ದು 4,130, ಬಂದದ್ದು 1,800. ಕಾರ್ಡಿಗೆ ಕೊಟ್ಟದ್ದು 1,000. ಉಳಿದದ್ದು ರೂಟ್ ಕೆನಾಲಿನಲ್ಲಿ 800, ಕ್ಯಾಪಿನಲ್ಲಿ 600, ಇಬ್ಬರ ಕ್ಲೀನಿಂಗ್ 1,600, ಬುದ್ಧಿಹಲ್ಲಿನಲ್ಲಿ 900, ಒಟ್ಟು 3,900. ನೋಡುವ ಫೀ ಉಳಿದದ್ದು ಇದರಲ್ಲಿ ಸೇರಿಸಿಲ್ಲ.

ಕಂಪನಿಯವರು ಯಾಕೆ ಇಷ್ಟು ಬಿಗಿ ಹಿಡಿಯುತ್ತಾರೆ ಎಂದು ಮಗಳ ಹತ್ತಿರ ಮಾತಾಡುವಾಗ ಅರ್ಥವಾಯಿತು. ಅವಳು ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿ ಹಲ್ಲಿನ ವಿಮೆ ಬೇರೆಯೇ, ಹೆಚ್ಚಿನವರಿಗೆ ಕೆಲಸದ ಕಂಪನಿಯಿಂದ ಸಿಗುತ್ತದೆ. ಅವಳ ಪಾಲಿಸಿಯಲ್ಲಿ ವರ್ಷಕ್ಕೆ ಎರಡು ಕ್ಲೀನಿಂಗ್ ಪೂರ್ತಿ, ಹಲ್ಲು ತುಂಬಿಸಲು ನೂರಕ್ಕೆ 80, ಕ್ಯಾಪಿಗೆ ನೂರಕ್ಕೆ 50. ಆದರೆ ವರ್ಷಕ್ಕೆ 1,500 ಡಾಲರ್ ದಾಟಿದರೆ ಮುಂದೆ ಎಲ್ಲಾ ನಮ್ಮದೇ. ನಾವೇ ಸ್ವಂತವಾಗಿ ತೆಗೆದುಕೊಂಡ ಪಾಲಿಸಿಯಾದರೆ ಕ್ಯಾಪ್, ಬ್ರಿಡ್ಜ್‌ನಂಥ ದೊಡ್ಡ ಕೆಲಸಕ್ಕೆ ಆರು ತಿಂಗಳು, ವರ್ಷ ಕಾಯಬೇಕಾಗುವುದೂ ಉಂಟು. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಹೋದ ಹಲ್ಲಿನ ಜಾಗಕ್ಕೆ ಹಲ್ಲು ಕಟ್ಟಿಸಿದರೆ ಕೊಡದ ಪಾಲಿಸಿಗಳೂ ಇವೆಯಂತೆ. ಕೆಲಸದ ಕಡೆಯಿಂದ ವಿಮೆ ಇಲ್ಲದವರು ಅಲ್ಲಿಯೂ ರಿಯಾಯಿತಿ ಪ್ಲ್ಯಾನ್ ಹಿಡಿಯುತ್ತಾರೆ. ವರ್ಷದ ಫೀ ಕಟ್ಟಿ ಕಾರ್ಡ್ ತೋರಿಸಿದರೆ ಪಟ್ಟಿಯಲ್ಲಿರುವ ಡಾಕ್ಟರು ಕಡಿಮೆ ದರ ಹಾಕುತ್ತಾರೆ. ಕಾಯುವುದಿಲ್ಲ, ಮಿತಿ ಇಲ್ಲ, ಕ್ಲೇಮ್ ಇಲ್ಲ. ಆದರೆ ಪೂರ್ತಿ ದುಡ್ಡು ನಾವೇ ಅಲ್ಲೇ ಕೊಡಬೇಕು. ಇದು ವಿಮೆ ಅಲ್ಲ ಎಂದು ಕಾಗದದಲ್ಲೇ ಬರೆದಿರುತ್ತದೆ.

ಮಗಳು ಹೇಳಿದ್ದು ಹೀಗೆ. "ಅಮ್ಮ, ಮನೆಗೆ ಬೆಂಕಿ ಬೀಳುವುದು ನೂರರಲ್ಲಿ ಒಬ್ಬರಿಗೂ ಇಲ್ಲ. ಹಲ್ಲು ಹುಳುಕಾಗುವುದು ಎಲ್ಲರಿಗೂ ಇದೆ. ನೋವು ಬಂದ ಮೇಲೆ ಪಾಲಿಸಿ ತಗೊಂಡು, ಹಲ್ಲು ಸರಿಯಾದ ಮೇಲೆ ಬಿಟ್ಟರೆ ಕಂಪನಿ ನಡೆಯುವುದು ಹೇಗೆ?" ಅದಕ್ಕೇ ಕಾಯಿಸುವುದು, ಅದಕ್ಕೇ ಮಿತಿ. ನ್ಯಾಯವೇ. ಆದರೆ ನ್ಯಾಯವಾದದ್ದೆಲ್ಲ ನಮಗೆ ಲಾಭ ಆಗಬೇಕೆಂದಿಲ್ಲ. ಅಲ್ಲಿ ಹೆಚ್ಚಾಗಿ ಕೆಲಸದ ಕಂಪನಿಯೂ ಒಂದು ಪಾಲು ಕಟ್ಟುತ್ತದೆ. ಇಲ್ಲಿ ತೋಟದವರಿಗೆ ಯಾರು ಕಟ್ಟುತ್ತಾರೆ?

ಹಾಗೆಂದು ಆರೋಗ್ಯ ವಿಮೆಯನ್ನೇ ಬಿಡಿ ಎಂದು ನಾನು ಖಂಡಿತ ಹೇಳುವುದಿಲ್ಲ. ನಮ್ಮ ಅಣ್ಣನ ಮಗ ಮಳೆಗಾಲದಲ್ಲಿ ದೇವಿಮನೆ ಘಾಟಿಯಲ್ಲಿ ಬೈಕಿನಿಂದ ಬಿದ್ದ. ದವಡೆ ಮುರಿಯಿತು, ಮುಂದಿನ ಎರಡು ಹಲ್ಲು ಹೋಯಿತು. ಹುಬ್ಬಳ್ಳಿಯಲ್ಲಿ ದಾಖಲು ಮಾಡಿ ದವಡೆಗೆ ಪ್ಲೇಟ್ ಹಾಕಿದರು. ಆ ಬಿಲ್ಲನ್ನು ಅವರ ಮಾಮೂಲಿ ಪಾಲಿಸಿಯೇ ಕೊಟ್ಟಿತು, ಯಾವ ರೈಡರೂ ಇರಲಿಲ್ಲ. ಅಂಥ ಬಿಲ್ಲನ್ನು ಯಾವ ಕಾರ್ಡೂ ಹೊರುವುದಿಲ್ಲ. ಆದರೆ ಎರಡು ಹಲ್ಲು ಕೂರಿಸಿದ್ದು ಎಂಟು ತಿಂಗಳ ಮೇಲೆ. ಅವರ ಪಾಲಿಸಿಯಲ್ಲಿ ಆಸ್ಪತ್ರೆಯಿಂದ ಬಂದ 60 ದಿನದೊಳಗಿನ ಖರ್ಚು ಮಾತ್ರ ಬರುತ್ತಿತ್ತು. ಆ ದುಡ್ಡನ್ನು ಅಣ್ಣ ಅಡಿಕೆ ಮಾರಿ ಕಟ್ಟಿದ.

ವಿಮೆಗೂ ಕಾರ್ಡಿಗೂ ಇನ್ನೊಂದು ವ್ಯತ್ಯಾಸ ಇದೆ. ವಿಮೆ ಕಂಪನಿ ಮೇಲೆ ಅವರನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಐಆರ್‌ಡಿಎಐ ಇದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಬೇಡ ಎಂದು ವಾಪಸ್ ಕೊಡಬಹುದು. ದೂರು ಕೊಡಲು ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಿನಲ್ಲಿ ವಿಮೆಯ ತಕರಾರು ತೀರಿಸುವ ಓಂಬುಡ್ಸ್‌ಮನ್ ಇದ್ದಾರೆ. ಹಳೆ ತೆರಿಗೆ ಪದ್ಧತಿಯಲ್ಲಿರುವವರಿಗೆ ವಿಮೆಯ ಕಂತಿಗೆ ತೆರಿಗೆ ವಿನಾಯಿತಿಯೂ ಸಿಗುತ್ತದೆ. ಕ್ಲಿನಿಕ್ಕಿನ ಕಾರ್ಡಿಗೆ ಇದು ಯಾವುದೂ ಇಲ್ಲ. ಕ್ಲಿನಿಕ್ ಮುಚ್ಚಿದರೆ ಕಾರ್ಡು ರಟ್ಟಿನ ತುಂಡು. ಜಗಳ ಬಿದ್ದರೆ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು, ಸಾವಿರ ರೂಪಾಯಿಗೆ ಯಾರು ಹೋಗುತ್ತಾರೆ? ಅದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿಗೆ ಕಾರ್ಡ್ ಮಾಡಿಸಬೇಡಿ. ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ಕಡಿಮೆ ಎಂದರೂ ಬೇಡ. ಮತ್ತೆ ಕಾರ್ಡಿನ ಮಾತು ಎತ್ತುವ ಮೊದಲೇ ದರ ಕೇಳಿ, ಬರೆಸಿಕೊಳ್ಳಿ. ಲ್ಯಾಬಿನ ಖರ್ಚು ಸೇರಿದೆಯೋ ಇಲ್ಲವೋ ಕೇಳಿ.

ಕಾರ್ಡೂ ಬೇಡ, ವಿಮೆಯೂ ಬೇಡ ಎನ್ನುವ ದಾರಿಯೂ ಇದೆ. ಧಾರವಾಡದ ಎಸ್‌ಡಿಎಂ, ಮಣಿಪಾಲದಂಥ ದಂತ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರೇ ಕೆಲಸ ಮಾಡುತ್ತಾರೆ. ಹೊರಗಿನ ಕ್ಲಿನಿಕ್ಕಿಗಿಂತ ಖರ್ಚು ಕಡಿಮೆ, ಸಮಯ ಜಾಸ್ತಿ ಬೇಕು. ಅತ್ತೆಯ ಹಲ್ಲಿನ ಸೆಟ್ ಧಾರವಾಡದಲ್ಲೇ ಮಾಡಿಸಿದ್ದು. ಐದು ಸಲ ಓಡಾಡಿದ್ದೆವು, ಆದರೆ ಈಗಲೂ ಅವರು ಅದರಲ್ಲೇ ಹಪ್ಪಳ ತಿನ್ನುತ್ತಾರೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಸರ್ಕಾರದ್ದೇ ದಂತಭಾಗ್ಯ ಯೋಜನೆ ಬಂದಿತ್ತು, ಹಲ್ಲಿನ ಸೆಟ್ ಉಚಿತವಾಗಿ ಕೊಡುವುದು. ತಾಲೂಕು ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ವಿಚಾರಿಸಿ.

ದುಡ್ಡಿನ ಲೆಕ್ಕ ಇಷ್ಟು. ಆದರೆ ಈ ಕಾರ್ಡು ನನಗೆ ಕೊಟ್ಟ ಮುಖ್ಯ ಉಪಕಾರ ಈ ಲೆಕ್ಕದಲ್ಲಿ ಇಲ್ಲ.

ನಮ್ಮನೆಯವರು ಇಪ್ಪತ್ತನೇ ವಯಸ್ಸಿನಿಂದ ಕವಳ, ಅಂದರೆ ಎಲೆ-ಅಡಿಕೆ, ಹಾಕುವವರು. ದಿನಕ್ಕೆ ಎಂಟು ಹತ್ತು. ನೋವಿಲ್ಲದೆ ಹಲ್ಲಿನ ಡಾಕ್ಟರ ಬಾಗಿಲು ತುಳಿದವರಲ್ಲ. ಕ್ಲೀನಿಂಗ್ ಉಚಿತ ಇದೆ, ಸುಮ್ನೆ ಹಾಳಾಗುತ್ತದೆ ಎಂದು ನಾನೇ ಒತ್ತಾಯ ಮಾಡಿ 2025ರ ಜನವರಿಯಲ್ಲಿ ಕರೆದುಕೊಂಡು ಹೋದೆ. ಕ್ಲೀನಿಂಗ್ ಮುಗಿದ ಮೇಲೆ ಡಾಕ್ಟರು ಕನ್ನಡಿ ಹಾಕಿ ಗಲ್ಲದ ಒಳಭಾಗವನ್ನೆಲ್ಲ ನೋಡಿದರು. ಬೆರಳಿನಿಂದ ಒತ್ತಿ ಒತ್ತಿ ನೋಡಿದರು. ಆಮೇಲೆ "ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ" ಎಂದರು. ಎರಡು ಬೆರಳು ಸಲೀಸಾಗಿ ಹೋಯಿತು. ಮೂರನೆಯದು ಅರ್ಧಕ್ಕೆ ನಿಂತಿತು. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಬಾಯಲ್ಲಿ ಹಾಕಿ ನೋಡಿದೆ, ಮೂರೂ ಹೋಯಿತು.

ಅಡಿಕೆ ಜಗಿದು ಜಗಿದು ಗಲ್ಲದ ಒಳಗಿನ ಚರ್ಮ ಬಿಗಿಯಾಗುತ್ತದೆ, ನಾರು ಕಟ್ಟುತ್ತದೆ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗುತ್ತದೆ ಎಂದು ವಿವರಿಸಿದರು. ಮುಂದುವರಿದರೆ ಕ್ಯಾನ್ಸರಿಗೆ ದಾರಿಯಾಗಬಹುದು. ಆದದ್ದು ಪೂರ್ತಿ ಹಿಂದೆ ಹೋಗುವುದಿಲ್ಲ, ಕವಳ ಬಿಟ್ಟರೆ ಮುಂದೆ ಹೋಗದಂತೆ ನೋಡಿಕೊಳ್ಳಬಹುದು ಎಂದರು. ನಮ್ಮ ಅನ್ನ ಅಡಿಕೆಯದು. ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ಆದರೂ ಬರೆಯುತ್ತಿದ್ದೇನೆ. ನಮ್ಮ ಕಡೆ ಪ್ರತಿ ಮನೆಯ ಜಗಲಿಯಲ್ಲೂ ಕವಳದ ಹರಿವಾಣ ಇದೆ, ಎಷ್ಟು ಜನ ಈ ಮೂರು ಬೆರಳಿನ ಪರೀಕ್ಷೆ ಮಾಡಿಕೊಂಡಿದ್ದಾರೆ?

ಬಸ್ಸಿನಲ್ಲಿ ವಾಪಸ್ ಬರುವಾಗ ಇವರು ಮಾತಾಡಲಿಲ್ಲ. ಮನೆಗೆ ಬಂದವರೇ ಹರಿವಾಣ ಎತ್ತಿ ಅಟ್ಟದ ಮೇಲಿಟ್ಟರು. ಮೊದಲ ತಿಂಗಳು ಕಷ್ಟ ಆಯಿತು, ಎರಡು ಸಲ ತಪ್ಪಿದರು. ಬಾಯಿಗೆ ಏಲಕ್ಕಿ ಹಾಕಿಕೊಂಡು ತೋಟಕ್ಕೆ ಹೋಗುವುದು ಈಗ ರೂಢಿಯಾಗಿದೆ.

2025ರ ಸೆಪ್ಟೆಂಬರಿನಲ್ಲಿ ಕಾರ್ಡ್ ರಿನ್ಯೂ ಮಾಡಿಸಿದೆ. ಈಗ 1,200 ಮಾಡಿದ್ದಾರೆ. ನವೆಂಬರಿನಲ್ಲಿ ಆರೋಗ್ಯ ಪಾಲಿಸಿ ಮುಂದುವರಿಸಿದೆ, ಓಪಿಡಿ ರೈಡರ್ ತೆಗೆಸಿದೆ. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲವಾದ್ದರಿಂದ ರೈಡರಿಗೂ 3,500 ಅಷ್ಟೇ, ಇರಲಿ ಅಕ್ಕ ಎಂದು ಏಜೆಂಟರು ಹೇಳಿ ನೋಡಿದರು. ಬೇಡ ಎಂದೆ. ಆ ದುಡ್ಡನ್ನು ಹಲ್ಲಿಗೆಂದೇ ಸೊಸೈಟಿಯ ಖಾತೆಯಲ್ಲಿ ಬೇರೆ ಇಟ್ಟಿದ್ದೇನೆ.

ಡಾಕ್ಟರು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ ಎಂದಿದ್ದಾರೆ. ಕಾರ್ಡ್ ಇರುವುದರಿಂದ ಫೀ ಇಲ್ಲ, ಬಸ್ಸಿನ ಖರ್ಚು ಅಷ್ಟೇ. ಹೋದ ತಿಂಗಳೂ ಹೋಗಿದ್ದೆವು. ಮತ್ತೆ ಬೆರಳು ಹಾಕಿಸಿ ನೋಡಿದರು. ಎರಡೂವರೆ. ಕಡಿಮೆಯಾಗಿಲ್ಲ ಎಂದು ಚೀಟಿಯಲ್ಲಿ ಬರೆದು ಕೊಟ್ಟರು. ಆ ಚೀಟಿಯನ್ನು ಇವರೇ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡರು.